ಲೇಹ್‌ನಲ್ಲಿ ಇಳಿದ ಡಕೋಟಾ, ಜೋಜಿಲಾ ಹತ್ತಿದ ಟ್ಯಾಂಕು

ಕಾಶ್ಮೀರಕ್ಕಾಗಿ ಭಾರತ, ಪಾಕಿಸ್ತಾನಗಳ ಯುದ್ಧ ನಡೆಯುತ್ತಿದ್ದ 1948ರ ಮೇ 24ರಂದು ಲೇಹ್ ಪಟ್ಟಣದ ಹತ್ತಿರ, ಸಿಂಧೂ ಕಣಿವೆಯ ಮರಳು ನೆಲದ ಮೇಲೆ ಒಂದು ಡಕೋಟಾ ವಿಮಾನ ಇಳಿಯಿತು. ಹಾರಿಸಿದವರು ಏರ್ ಕಮಡೋರ್ ಮೆಹರ್ ಸಿಂಗ್. ಜತೆಗೆ ಬಂದವರು ಕಾಶ್ಮೀರ ಕಣಿವೆಯ ಸೇನಾ ಡಿವಿಜನ್ನಿನ ಮುಖ್ಯಸ್ಥ, ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಆ ದಾರಿಯಲ್ಲಿ ಅದುವರೆಗೆ ಯಾರೂ ಹಾರಿರಲಿಲ್ಲ. ಡಕೋಟಾದ ರೆಕ್ಕೆಗೆ ಹಿಮ ಕಟ್ಟಿದರೆ ಕರಗಿಸುವ ಸಲಕರಣೆ ಇರಲಿಲ್ಲ, ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯೂ ಇರಲಿಲ್ಲ. ಇಳಿಯಬೇಕಾದ ಜಾಗವೇ 10,000 ಅಡಿಗಿಂತ ಮೇಲಿತ್ತು. ಅಲ್ಲಿಗೆ ತಲುಪಲು ಅದಕ್ಕಿಂತಲೂ ಎಷ್ಟೋ ಎತ್ತರದ ಶಿಖರಗಳನ್ನು ದಾಟಬೇಕಿತ್ತು. ಹೊಸ ದಾರಿಯ ಮೊದಲ ಹಾರಾಟದಲ್ಲೇ ಡಿವಿಜನ್ನಿನ ಜನರಲ್ ತಾನೇ ಹತ್ತಿ ಕೂತದ್ದು ತಿಮ್ಮಯ್ಯ ಎಂಥ ದಂಡನಾಯಕರಾಗಿದ್ದರು ಎಂಬುದನ್ನು ಹೇಳುತ್ತದೆ.

ಯುದ್ಧ ಗೆಲ್ಲುವುದು ಆಕಾಶದಿಂದಲೋ ನೆಲದಿಂದಲೋ ಎಂಬ ಚರ್ಚೆ ವಿಮಾನದಷ್ಟೇ ಹಳೆಯದು. ಇಟಲಿಯ ಜನರಲ್ ಜ್ಯೂಲಿಯೊ ಡೂಹೆ 1921ರಲ್ಲೇ ಪುಸ್ತಕ ಬರೆದು, ಮುಂದಿನ ಯುದ್ಧಗಳನ್ನು ಬಾಂಬರ್ ವಿಮಾನಗಳೇ ತೀರ್ಮಾನಿಸುತ್ತವೆ ಎಂದು ವಾದಿಸಿದ್ದರು. ಈ ವಾದವನ್ನು ಒರೆಗೆ ಹಚ್ಚಿ ನೋಡಲು ಶ್ರೀನಗರದಿಂದ ಜೋಜಿಲಾ ಕಣಿವೆ, ದ್ರಾಸ್, ಕಾರ್ಗಿಲ್ ದಾಟಿ ಲೇಹ್‌ಗೆ ಹೋಗುವ ಒಂದೇ ಒಂದು ರಸ್ತೆ ಸಾಕು. ಐವತ್ತು ವರ್ಷಗಳ ಅಂತರದಲ್ಲಿ ಅದೇ ರಸ್ತೆಗಾಗಿ ಎರಡು ಸಲ ಹೋರಾಟ ನಡೆದಿದೆ.

ಮೆಹರ್ ಸಿಂಗ್ ಇಳಿದ ಆ ಓಡುದಾರಿ ತಾನಾಗಿ ಹುಟ್ಟಿದ್ದಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ, ಜೋಜಿಲಾ ಹಿಮದಡಿ ಹೂತುಹೋಗಿದ್ದ ಕಾಲದಲ್ಲಿ, ಪೃಥಿ ಚಂದ್ ಎಂಬ ಅಧಿಕಾರಿ ಬೆರಳೆಣಿಕೆಯ ಲಾಹೌಲಿ ಸೈನಿಕರನ್ನು ಕರೆದುಕೊಂಡು ಕಾಲ್ನಡಿಗೆಯಲ್ಲಿ ಕಣಿವೆ ದಾಟಿದರು. ಮಾರ್ಚ್ ತಿಂಗಳಲ್ಲಿ ಲೇಹ್ ತಲುಪಿ ಊರಿನವರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದರು. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಊರಿನ ಜನರನ್ನು ಕೂಡಿಸಿ ಕಲ್ಲು ಆರಿಸಿ, ನೆಲ ಸಮ ಮಾಡಿ ಓಡುದಾರಿ ಸಿದ್ಧಪಡಿಸಿದರು. ಕಾಲುಗಳು ಮೊದಲು ಬಂದಿದ್ದರಿಂದಲೇ ರೆಕ್ಕೆಗಳಿಗೆ ಇಳಿಯಲು ಜಾಗ ಸಿಕ್ಕಿತು. ಜೂನ್ ಹೊತ್ತಿಗೆ ಗೂರ್ಖಾ ಸೈನಿಕರು ವಿಮಾನದಲ್ಲೇ ಬಂದಿಳಿದರು. ಲೇಹ್ ಉಳಿಯಿತು.

ಸ್ಕರ್ದು ಉಳಿಯಲಿಲ್ಲ.

ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಸಿಂಧೂ ನದಿಯ ಕಣಿವೆಯವು, ಎರಡನ್ನೂ ಗಿಲ್ಗಿಟ್ ಕಡೆಯಿಂದ ಬಂದ ದಾಳಿಕಾರರು ಗುರಿಯಾಗಿಸಿದ್ದರು. ಸ್ಕರ್ದು ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಕಾಶ್ಮೀರ ಸಂಸ್ಥಾನದ ಸಣ್ಣ ಪಡೆಯೊಂದಿಗೆ ಮುತ್ತಿಗೆಯಲ್ಲಿ ಸಿಕ್ಕಿಬಿದ್ದರು. ಆಶ್ರಯ ಕೇಳಿ ಬಂದ ಊರಿನವರೂ ಕೋಟೆಯೊಳಗಿದ್ದರು. ನೆಲದ ಮೇಲೆ ಹೊರಟ ಸಹಾಯದ ಪಡೆಗಳು ಸಿಂಧೂ ಕಂದರದಲ್ಲಿ ಹೊಂಚುದಾಳಿಗೆ ಸಿಕ್ಕು ಚದುರಿದವು. ಸುತ್ತಲ ಎತ್ತರಗಳೆಲ್ಲ ಶತ್ರುವಿನ ಕೈಯಲ್ಲಿದ್ದುದರಿಂದ ಡಕೋಟಾ ಇಳಿಯುವ ಮಾತೇ ಇರಲಿಲ್ಲ. ಕೊನೆಗೆ ಟೆಂಪೆಸ್ಟ್ ಯುದ್ಧವಿಮಾನಗಳ ರೆಕ್ಕೆಯಡಿ ಡಬ್ಬಿ ಕಟ್ಟಿ ಮದ್ದುಗುಂಡು ಎಸೆಯಲಾಯಿತು. ಅಷ್ಟು ಸಣ್ಣ ಕೋಟೆಯೊಳಗೆ ಅಷ್ಟು ವೇಗದ ವಿಮಾನದಿಂದ ಗುರಿಯಿಟ್ಟು ಎಸೆಯುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಆರು ತಿಂಗಳು ತಡೆದು, ಗುಂಡು ಮತ್ತು ಅನ್ನ ಎರಡೂ ಮುಗಿದ ಮೇಲೆ, ಆಗಸ್ಟ್ 14ರಂದು ಥಾಪಾ ಶರಣಾದರು. ಶರಣಾದವರಲ್ಲಿ ಅನೇಕರನ್ನು ಕೊಂದುಹಾಕಿದರು. ಥಾಪಾ ಸೆರೆಯಿಂದ ಜೀವಂತ ಮರಳಿದರು. ಅವರಿಗೆ ಮಹಾವೀರ ಚಕ್ರ ಸಂದಿತು. ಆಕಾಶದಲ್ಲಿ ಭಾರತದ ವಿಮಾನಗಳಿಗೆ ಎದುರಾಳಿಯೇ ಇಲ್ಲದಿದ್ದರೂ ಸ್ಕರ್ದು ಕೈತಪ್ಪಿತು ಎಂಬುದನ್ನು ವಾಯುಬಲದ ಇತಿಹಾಸ ಬರೆಯುವವರು ಮರೆಯಬಾರದು.

ಲೇಹ್‌ಗೂ ಅಪಾಯ ಕಳೆದಿರಲಿಲ್ಲ. ಕಾರ್ಗಿಲ್ ಮೇ ತಿಂಗಳಲ್ಲೇ, ದ್ರಾಸ್ ಜೂನ್‌ನಲ್ಲಿ ಕೈತಪ್ಪಿದ್ದವು. ಮೋಡ ಕವಿದ ದಿನ ವಿಮಾನ ಬರುವಂತಿಲ್ಲ. ಒಂದು ಡಕೋಟಾ ಹೊರುವ ಭಾರವೂ ಅಷ್ಟಕ್ಕಷ್ಟೆ. ಚಳಿಗಾಲಕ್ಕೆ ಮುಂಚೆ ರಸ್ತೆ ತೆರೆಯಲೇಬೇಕಿತ್ತು, ಅಂದರೆ ಜೋಜಿಲಾ ಗೆಲ್ಲಲೇಬೇಕಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನುಗ್ಗಿದರು, ಬಂಡೆಗಳ ಮರೆಯಿಂದ ಮಷಿನ್ ಗನ್ನುಗಳು ಅವರನ್ನು ಹಿಂದಕ್ಕಟ್ಟಿದವು. ಕಲ್ಲಿನ ಸಂದಿಯಲ್ಲಿ ಅಡಗಿದ ಒಂದು ಗನ್ನನ್ನು ಮೇಲಿಂದ ಹುಡುಕಿ ಹೊಡೆಯುವುದು ಆಗಿನ ವಿಮಾನಗಳಿಗೆ ಆಗುವ ಕೆಲಸವಾಗಿರಲಿಲ್ಲ.

ಹಾಗಾಗಿ ಟ್ಯಾಂಕುಗಳನ್ನು ಬೆಟ್ಟ ಹತ್ತಿಸುವ ಯೋಚನೆ ಬಂತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ, ಗುರುತು ಸಿಗದಂತೆ ಮುಚ್ಚಿ, ಜಮ್ಮು ಕಡೆಯಿಂದ ಶ್ರೀನಗರ ದಾಟಿಸಿ ಬಾಲ್ತಾಲ್‌ಗೆ ಒಯ್ದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಹಾದಿ. ಅದನ್ನು ಬಂಡೆ ಸಿಡಿಸಿ, ಗುದ್ದಲಿ ಹಿಡಿದು, ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಬಳಿ ಇಂದಿಗೂ ನೆಲೆ ಇರುವ ಎಂಜಿನಿಯರ್ ಪಡೆಯವರು. ನವೆಂಬರ್ 1ರಂದು ಟ್ಯಾಂಕುಗಳು ಸುಮಾರು 11,500 ಅಡಿ ಎತ್ತರದ ಆ ಕಣಿವೆಯೊಳಗೆ ನುಗ್ಗಿದವು. ತಿಮ್ಮಯ್ಯ ಖುದ್ದಾಗಿ ಮುಂದಿನ ಸಾಲಿನಲ್ಲಿದ್ದರು. ಟ್ಯಾಂಕನ್ನು ಕನಸಿನಲ್ಲೂ ನಿರೀಕ್ಷಿಸದಿದ್ದ ಎದುರಾಳಿಗಳ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅದೇ ದಿನ ಕಣಿವೆ ಕೈವಶವಾಯಿತು. ನವೆಂಬರ್ ಮಧ್ಯಕ್ಕೆ ದ್ರಾಸ್, 23ಕ್ಕೆ ಕಾರ್ಗಿಲ್ ವಶವಾದವು. ಮರುದಿನ ಲೇಹ್ ಕಡೆಯಿಂದ ಬಂದ ಪಡೆ ಕೂಡಿಕೊಂಡಿತು. ಹಾಗೆ ನೋಡಿದರೆ ಮೇ ತಿಂಗಳ ಆ ಡಕೋಟಾ ಲೇಹ್‌ಗೆ ಆರು ತಿಂಗಳ ಕಾಲಾವಕಾಶ ದೊರಕಿಸಿಕೊಟ್ಟಿತ್ತು. ಆ ಅವಕಾಶವಿಲ್ಲದೆ ಟ್ಯಾಂಕು ಬರುವಷ್ಟರಲ್ಲಿ ಉಳಿಸಿಕೊಳ್ಳಲು ಊರೇ ಇರುತ್ತಿರಲಿಲ್ಲ.

1962ರಲ್ಲಿ ಚೀನಾದ ಜೊತೆ ಯುದ್ಧವಾದಾಗ ಸಾಗಣೆ ವಿಮಾನಗಳು ಹಗಲಿರುಳು ದುಡಿದವು, ಆದರೆ ದಾಳಿ ವಿಮಾನಗಳನ್ನು ದೆಹಲಿ ಬಳಸಲೇ ಇಲ್ಲ. ಆ ತೀರ್ಮಾನದ ಬಗ್ಗೆ ಸೇನೆಯಲ್ಲಿ ಇಂದಿಗೂ ವಾದ ನಡೆಯುತ್ತದೆ.

ಮತ್ತೆ ಅದೇ ರಸ್ತೆ, 1999. ಆ ವಸಂತದಲ್ಲಿ ಯುರೋಪಿನ ಕೊಸೊವೊದಲ್ಲಿ ನೇಟೊ ವಿಮಾನಗಳು 78 ದಿನ ಬಾಂಬು ಹಾಕಿ, ನೆಲದ ದಾಳಿಗೆ ಇಳಿಯದೆಯೇ ಸರ್ಬಿಯಾದ ಪಡೆಗಳು ಹಿಂದೆ ಸರಿಯುವಂತೆ ಮಾಡುತ್ತಿದ್ದವು. ಡೂಹೆಯ ಮಾತು ನಿಜವಾಯಿತೆಂದು ಹಲವರಿಗೆ ಅನ್ನಿಸಿದ ಕಾಲವದು. ಅದೇ ಹೊತ್ತಿಗೆ ದ್ರಾಸ್, ಕಾರ್ಗಿಲ್ ಮೇಲಿನ ಶಿಖರಗಳಲ್ಲಿ ಪಾಕಿಸ್ತಾನಿ ಪಡೆಗಳು ಕಲ್ಲಿನ ಗೂಡು ಕಟ್ಟಿಕೊಂಡು ಲೇಹ್ ರಸ್ತೆಯ ಮೇಲೆ ಕಣ್ಣಿಟ್ಟು ಕೂತಿದ್ದವು. ಮೇ 26ರಂದು ವಾಯುಪಡೆ ‘ಸಫೇದ್ ಸಾಗರ್’ ಕಾರ್ಯಾಚರಣೆ ಆರಂಭಿಸಿತು. ನಿಯಂತ್ರಣ ರೇಖೆ ದಾಟಬಾರದೆಂಬುದು ಸರ್ಕಾರದ ಕಟ್ಟಪ್ಪಣೆ.

ಮೊದಲ ಮೂರು ದಿನಗಳು ಕಹಿಯಾಗಿದ್ದವು. ಒಂದು ಮಿಗ್-27, ಒಂದು ಮಿಗ್-21, ಒಂದು ಎಂಐ-17 ಹೆಲಿಕಾಪ್ಟರ್ ಹೋದವು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಮತ್ತು ಹೆಲಿಕಾಪ್ಟರಿನಲ್ಲಿದ್ದ ನಾಲ್ವರು ಪ್ರಾಣ ತೆತ್ತರು. ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಸೆರೆಯಾದರು. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಬಯಲುಸೀಮೆಯ ಲೆಕ್ಕದಲ್ಲಿ ಬಿಟ್ಟ ಬಾಂಬು ಅಲ್ಲಿ ಬೇರೆಯೇ ದಾರಿ ಹಿಡಿಯುತ್ತದೆ. ಬೆಟ್ಟದ ನೆತ್ತಿಯಲ್ಲಿರುವ ಕಲ್ಲಿನ ಗೂಡಿಗೆ ಇಟ್ಟ ಗುರಿ ಕೆಲವೇ ಮಾರು ತಪ್ಪಿದರೂ ಬಾಂಬು ಕೆಳಗಿನ ಪ್ರಪಾತಕ್ಕೆ ಹೋಗಿ ಬೀಳುತ್ತದೆ. ವಾಯುಪಡೆ ಬೇಗ ಕಲಿತಿತು. ಜೂನ್ 17ರಂದು ಮಿರಾಜ್-2000 ವಿಮಾನಗಳು ಮುಂಥೊ ಧಾಲೊದಲ್ಲಿದ್ದ ದೊಡ್ಡ ಸರಬರಾಜು ಶಿಬಿರವನ್ನು ಪುಡಿ ಮಾಡಿದವು. ಒಂದು ವಾರದ ನಂತರ ಲೇಸರ್ ಬಾಂಬು ಟೈಗರ್ ಹಿಲ್ ಮೇಲೆ ಬಿತ್ತು. ಮೇಲೆ ಕೂತವರ ಅನ್ನ, ಗುಂಡು, ಧೈರ್ಯ ಎಲ್ಲಕ್ಕೂ ಪೆಟ್ಟು ಬಿದ್ದದ್ದು ನಿಶ್ಚಯ.

ಆದರೆ ಅವರು ಇಳಿದು ಹೋಗಲಿಲ್ಲ. ವಾರಗಟ್ಟಲೆ ನೆತ್ತರು ಹರಿಸಿ ಜೂನ್ 13ಕ್ಕೆ ಟೋಲೋಲಿಂಗ್ ಗೆದ್ದದ್ದು ಕಾಲಾಳುಗಳು, ಅವರ ಬೆನ್ನಿಗೆ ನಿಂತ ಬೊಫೋರ್ಸ್ ಫಿರಂಗಿಗಳು. ಟೈಗರ್ ಹಿಲ್ಲನ್ನು ಜುಲೈ 4ರಂದು ಹಿಡಿಯಲು 18 ಗ್ರೆನೇಡಿಯರ್ಸ್ ಹುಡುಗರು ರಾತ್ರಿಯಲ್ಲಿ ಹಗ್ಗ ಕಟ್ಟಿ ಕಡಿದಾದ ಬಂಡೆ ಹತ್ತಿದರು. ಮೈತುಂಬ ಗುಂಡು ತಿಂದೂ ಬದುಕುಳಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಪರಮವೀರ ಚಕ್ರ ಬಂತು. ಆ ಬೇಸಿಗೆಯಲ್ಲಿ ಭಾರತ ಕಳೆದುಕೊಂಡ ಸೈನಿಕರು 500ಕ್ಕೂ ಹೆಚ್ಚು. ಗಾಯಗೊಂಡವರನ್ನು ಆ ಎತ್ತರಗಳಿಂದ ಇಳಿಸಿ ತಂದ ಪುಟ್ಟ ಚೀತಾ ಹೆಲಿಕಾಪ್ಟರುಗಳು ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ. ಅವು ಇಳಿಯಲು ಬೇಕಾದ ಅಂಗೈಯಗಲದ ಜಾಗವನ್ನು ಅಲ್ಲಲ್ಲಿ ಕಲ್ಲು ಸರಿಸಿ ಸಮ ಮಾಡಿಕೊಟ್ಟವರು ಮೇಲೆ ಹತ್ತಿ ಹೋದ ಸೈನಿಕರೇ.