ಗದಾಯುದ್ಧದ ದುರ್ಯೋಧನ: ಓಲೆಯಿಂದ ರಂಗಕ್ಕೆ ಬಂದ ಸ್ವಗತ

ಕನ್ನಡದಲ್ಲಿ ಇಂದು ಉಪಲಬ್ಧವಿರುವ ಮೊದಲ ನಾಟಕ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’. ಅದು ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಹುಟ್ಟಿದ ಕೃತಿ. ಅದಕ್ಕೂ ಹಿಂದಿನ ಏಳೆಂಟು ಶತಮಾನಗಳ ಸಾಹಿತ್ಯರಾಶಿಯಲ್ಲಿ ನಾಟಕವೆಂಬ ಹೆಸರಿನ ಒಂದು ಕಟ್ಟೂ ನಮಗೆ ದೊರೆತಿಲ್ಲ. ಈ ಕೊರತೆಯ ಕಾರಣಗಳನ್ನು ಕುರಿತ ಚರ್ಚೆ ಹಳೆಯದು; ಅದನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುವ ಉದ್ದೇಶವಿಲ್ಲ. ಪಾತ್ರವೊಂದು ತನ್ನೊಳಗನ್ನು ತಾನೇ ತೆರೆದು ತೋರುವ ಸ್ವಗತವೆಂಬ ನಾಟಕೋಪಾಯ ನಮ್ಮಲ್ಲಿ ರಂಗಕ್ಕಿಂತ ಮೊದಲೇ, ಜೈನ ಕವಿಗಳ ಚಂಪೂಕಾವ್ಯಗಳಲ್ಲಿ ಪಕ್ವವಾಗಿತ್ತೆಂಬುದನ್ನು ರನ್ನನ ‘ಗದಾಯುದ್ಧ’ವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದಷ್ಟೇ ಪ್ರಕೃತ ಲೇಖನದ ವಿಷಯ. ಆ ದುರ್ಯೋಧನನೇ ಹೆಚ್ಚುಕಡಿಮೆ ಸಾವಿರ ವರ್ಷಗಳ ತರುವಾಯ ತುಮಕೂರು ಸೀಮೆಯ ಹಳ್ಳಿಯ ಅಟ್ಟದ ಮೇಲೆ ನಿಂತು ತನ್ನೊಳಗೆ ತಾನು ಮಾತಾಡುವುದರಿಂದ, ವಿಷಯ ಗ್ರಂಥಭಂಡಾರದ ಹೊರಗೂ ಸ್ವಲ್ಪ ಹರಿಯುತ್ತದೆ.

ಮೊದಲು ಲಕ್ಷಣದ ಮಾತು. ಧನಂಜಯನ ‘ದಶರೂಪಕ’ವು ರಂಗದ ಮೇಲಣ ಮಾತನ್ನು ಕೇಳುವವರ ದೃಷ್ಟಿಯಿಂದ ಮೂರಾಗಿ ವಿಂಗಡಿಸುತ್ತದೆ: ಎಲ್ಲರೂ ಕೇಳಬಹುದಾದುದು, ಕೆಲವರು ಮಾತ್ರ ಕೇಳಬಹುದಾದುದು, ಯಾರೂ ಕೇಳಲಾಗದುದು. ಮೊದಲನೆಯದು ಪ್ರಕಾಶ; ಎರಡನೆಯದರಲ್ಲಿ ಜನಾಂತಿಕ, ಅಪವಾರಿತ ಎಂಬ ಎರಡು ಬಗೆ; ಮೂರನೆಯದೇ ಸ್ವಗತ. ಧನಂಜಯ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದವನು. ಆ ಮುಂಜನನ್ನು ಸೆರೆಹಿಡಿದು ಕೊಂದವನು ಕಲ್ಯಾಣ ಚಾಳುಕ್ಯ ವಂಶದ ಇಮ್ಮಡಿ ತೈಲಪ; ರನ್ನನಿಗೆ ಕವಿಚಕ್ರವರ್ತಿ ಪದವಿಯನ್ನಿತ್ತವನೂ ಅವನೇ. ಸ್ವಗತಕ್ಕೆ ಲಕ್ಷಣ ಹೇಳಿದವನೂ ಕನ್ನಡದಲ್ಲಿ ಅದಕ್ಕೆ ಶ್ರೇಷ್ಠ ಲಕ್ಷ್ಯವನ್ನೊದಗಿಸಿದವನೂ ಹೀಗೆ ಶತ್ರುಗಳಾದ ಇಬ್ಬರು ಅರಸರ ನೆರಳಿನಲ್ಲಿ ಒಂದೇ ಕಾಲಕ್ಕೆ ಬಾಳಿದವರು. ಒಬ್ಬರ ಗ್ರಂಥವನ್ನು ಇನ್ನೊಬ್ಬರು ಕಂಡಿದ್ದರೆಂದು ಇದರಿಂದ ಹೇಳಿದಂತಾಗಲಿಲ್ಲ. ಕಾಲದ ಹವೆ ಒಂದೇ ಆಗಿತ್ತೆಂದರೆ ಸಾಕು.

‘ಗದಾಯುದ್ಧ’ದ ನಾಯಕ ಭೀಮ. ಕವಿ ಅವನನ್ನು ತನ್ನ ಒಡೆಯ ಸತ್ಯಾಶ್ರಯ ಇರಿವಬೆಡಂಗನೊಡನೆ ಸಮೀಕರಿಸಿದ್ದಾನೆ. ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರೇ ಇದಕ್ಕೆ ಸಾಕ್ಷಿ. ಆದರೂ ಹತ್ತು ಆಶ್ವಾಸಗಳ ಈ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಭೀಮ ಮಾತಾಡುವುದೆಲ್ಲ ಪ್ರಕಾಶ: ದ್ರೌಪದಿಯ ಮುಂದೆ, ಶತ್ರುವಿನ ಮುಂದೆ, ಲೋಕದ ಮುಂದೆ ಗರ್ಜಿಸುತ್ತಾನೆ. ದುರ್ಯೋಧನನಿಗಾದರೋ ಕೇಳುವವರೇ ಉಳಿದಿಲ್ಲ. ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ಅವನು ಸಂಜಯನೊಡನೆ ರಣರಂಗದ ನಡುವೆ ನಡೆದುಹೋಗುವ ಭಾಗ ಕಾವ್ಯದ ಹೃದಯ. ದಾರಿಯಲ್ಲಿ ಅವನಿಗೆ ಎದುರಾಗುವುದು ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಇವರ ಕಳೇಬರಗಳು. ಒಂದೊಂದರ ಬಳಿಯೂ ನಿಂತು ಮಾತಾಡುತ್ತಾನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಸಂಜಯ ಪಕ್ಕದಲ್ಲಿಯೇ ಇರುವಾಗ, ಸತ್ತವರನ್ನು ಹೆಸರಿಟ್ಟು ಕರೆದು ಆಡಿದ ಮಾತು ಸ್ವಗತ ಹೇಗಾದೀತು? ಶಾಸ್ತ್ರದ ಅಕ್ಷರವನ್ನು ಹಿಡಿದರೆ ಆಗದು. ಆದರೆ ಮಾತಿನ ಸ್ವರೂಪವನ್ನು ನೋಡಬೇಕು. ಸತ್ತ ಮಗನ ಮುಂದೆ ನಿಂತವನು ತಂದೆ ಮಕ್ಕಳ ಋಣದ ಕ್ರಮವೇ ತಲೆಕೆಳಗಾಯಿತೆಂದು ನೋಯುತ್ತಾನೆ. ತಮ್ಮನ ಮುಂದೆ, ಹುಟ್ಟಿನಲ್ಲಿ ಹಿಂದಿದ್ದವನು ಸಾವಿನಲ್ಲಿ ಮುಂದಾದನಲ್ಲಾ ಎಂದು ಕೊರಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನು ಮೆಚ್ಚಿ ಕೈಮುಗಿಯುವ ಔದಾರ್ಯವೂ ಇಲ್ಲಿಯೇ ಹೊರಬೀಳುತ್ತದೆ. ಎಲ್ಲಕ್ಕಿಂತ ಮಿಗಿಲಾದುದು ಕರ್ಣನ ಬಳಿ ಬಾಯಿಬಿಟ್ಟ ಸತ್ಯ: ಕರ್ಣನ ಜನ್ಮರಹಸ್ಯ ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ತಿಳಿದಿದ್ದಂತೆ ತನಗೂ ತಿಳಿದಿತ್ತು. ತಿಳಿದೂ ಗೆಳೆಯನನ್ನು ಒಡಹುಟ್ಟಿದವರ ಮೇಲೆ ಕಾದಾಡಲು ಬಿಟ್ಟವನು ತಾನು. ಈ ಮಾತನ್ನು ಕರ್ಣ ಬದುಕಿದ್ದಾಗ ಆಡುವಂತಿರಲಿಲ್ಲ. ಕೇಳಬೇಕಾದವನು ಕೇಳಲಾರನೆಂಬುದು ಖಚಿತವಾದ ಮೇಲೆಯೇ ಅದು ನಾಲಗೆಗೆ ಬಂದಿತು. ಒಂದೇ ಮಾತಿನಲ್ಲಿ ಸ್ನೇಹ, ಸ್ವಾರ್ಥ, ಪಶ್ಚಾತ್ತಾಪ ಮೂರೂ ಬೆಸೆದಿವೆ. ಖಳನೆಂದು ಹೆಸರು ಪಡೆದವನ ಒಳಗನ್ನು ಬೇರಾವ ಪಾತ್ರವೂ ಹೀಗೆ ವರ್ಣಿಸಿ ಹೇಳಲಾರದು. ಕವಿಯೇ ನಡುವೆ ಬಂದು ಹೇಳಿದ್ದರೂ ನಾವು ನಂಬುತ್ತಿರಲಿಲ್ಲ.

ಈ ಪ್ರಸಂಗಕ್ಕೆ ಭಾಸನ ‘ಊರುಭಂಗ’, ಭಟ್ಟನಾರಾಯಣನ ‘ವೇಣೀಸಂಹಾರ’ ನಾಟಕಗಳ ನೆರವುಂಟೆಂಬುದನ್ನು ವಿದ್ವಾಂಸರು ತೋರಿಸಿದ್ದಾರೆ. ಕಂಚುಕಿ, ವಿದೂಷಕರು ಚಂಪುವಿನೊಳಗೆ ಕಾಲಿಟ್ಟಿರುವುದೂ ಆ ಋಣದ ಗುರುತೇ.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಓಲೆಯಲ್ಲಿ ಸಾಲು ಸಾಲಿಗೆ ಸೇರಿ, ಪದ ಪದಕ್ಕೆ ಹೊಂದಿ ಬರೆಹ ಸಾಗುತ್ತದೆ. ಕಂದ, ವೃತ್ತ, ವಚನಗಳ ಮೊದಲಕ್ಷರದ ಗುರುತುಗಳನ್ನು ಲಿಪಿಕಾರ ಹಾಕಿದ್ದಾನು. ಉದ್ಧರಣ ಚಿಹ್ನೆಯಾಗಲಿ, ಯಾರು ಯಾರಿಗೆ ನುಡಿದರೆಂಬ ಸೂಚನೆಯಾಗಲಿ ಅಲ್ಲಿಲ್ಲ. ಮಾತು ಎಲ್ಲಿ ಮುಗಿಯಿತೆಂಬುದನ್ನು ‘ಎಂದು’ ಎಂಬ ಒಂದು ಶಬ್ದದಿಂದ, ಯಾರಿಗೆ ಎಂಬುದನ್ನು ಸಂಬೋಧನೆಯಿಂದ ತಿಳಿಯಬೇಕು. ಸಂಬೋಧನೆಯಿಲ್ಲದ ಪದ್ಯ ಬಂದಾಗ ಅದು ದೊರೆಯ ಒಳಮಾತೋ, ಸಂಜಯನಿಗೆ ಹೇಳಿದ್ದೋ, ಕವಿಯ ಉಕ್ತಿಯೋ? ಮುದ್ರಿತ ಪ್ರತಿಯಲ್ಲಿ ಇದನ್ನು ತೀರ್ಮಾನಿಸುವವನು ಸಂಪಾದಕ. ಚಿಹ್ನೆಯೊಂದನ್ನು ಒಂದು ಪದ್ಯದಷ್ಟು ಹಿಂದೆ ಮುಂದೆ ಸರಿಸಿದರೆ ದುರ್ಯೋಧನನ ಆತ್ಮಶೋಧನೆ ರನ್ನನ ತೀರ್ಪಾಗಿಬಿಡುತ್ತದೆ. ಪಾಠಾಂತರಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಈ ಚಿಹ್ನೆಗಳನ್ನೂ ಪರಿಶೀಲಿಸಬೇಕಾದುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. (ರನ್ನನಿಂದ ‘ಅಜಿತಪುರಾಣ’ವನ್ನು 993ರಲ್ಲಿ ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ‘ಗದಾಯುದ್ಧ’ಕ್ಕೆ ಅಂತಹ ಒಬ್ಬ ತಾಯಿ ದೊರೆತಿದ್ದರೆ ಸಂಪಾದಕರ ಕೆಲಸ ಎಷ್ಟು ಹಗುರವಾಗುತ್ತಿತ್ತೋ!)

ರನ್ನನ ಅನಂತರ ಈ ದಾರಿಯಲ್ಲಿ ನಡೆದವನು ನಾಗಚಂದ್ರ. ಅವನ ರಾವಣ ಸೀತೆಯ ದುಃಖವನ್ನು ಕಂಡು ಮನಸ್ಸು ತಿರುಗಿ, ಯುದ್ಧದಲ್ಲಿ ಗೆದ್ದ ಬಳಿಕ ಅವಳನ್ನು ಒಪ್ಪಿಸುವೆನೆಂದು ತನ್ನೊಳಗೆ ನಿಶ್ಚಯಿಸುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡುದು ಅಕಾರಣವಲ್ಲ. 13ನೆಯ ಶತಮಾನದ ಹಸ್ತಿಮಲ್ಲನು ‘ವಿಕ್ರಾಂತಕೌರವ’, ‘ಮೈಥಿಲೀಕಲ್ಯಾಣ’, ‘ಅಂಜನಾಪವನಂಜಯ’, ‘ಸುಭದ್ರಾ’ ಎಂಬ ರೂಪಕಗಳನ್ನು ರಚಿಸಿ ಜೈನ ಕಥೆಗಳನ್ನು ನೇರವಾಗಿ ರಂಗದ ಚೌಕಟ್ಟಿಗೆ ತಂದನು. ಆದರೆ ಅವು ಸಂಸ್ಕೃತದಲ್ಲಿವೆ. ಸಿಂಗರಾರ್ಯ ಅನುಸರಿಸಿದ್ದು ಹರ್ಷನ ‘ರತ್ನಾವಳಿ’ಯನ್ನು. ಅದರಲ್ಲಿ ಚಿತ್ರ ಬರೆಯುತ್ತ ತನ್ನಷ್ಟಕ್ಕೆ ಮಾತಾಡುವ ನಾಯಿಕೆಯ ಹಿಂದೆ ಸಖಿ ಬಂದು ನಿಂತಿರುತ್ತಾಳೆ. ಅಲ್ಲಿ ಒಳಮಾತು ಕಥೆಯ ಗಂಟು ಬಿಗಿಯುವ ಉಪಾಯವೇ ಹೊರತು ಪಾತ್ರದ ಆಳವನ್ನು ಅಳೆಯುವ ಕೋಲಲ್ಲ. ಮೊದಲ ನಾಟಕದ ಸ್ವಗತಕ್ಕಿಂತ ಏಳು ನೂರು ವರ್ಷ ಹಿಂದಿನ ಕಾವ್ಯದ ಸ್ವಗತ ಹೆಚ್ಚು ನಾಟಕೀಯವೆಂಬುದು ನಮ್ಮ ಸಾಹಿತ್ಯಚರಿತ್ರೆಯ ಒಂದು ವೈಚಿತ್ರ್ಯ.

ಬಿ. ಎಂ. ಶ್ರೀಯವರು 1926ರಲ್ಲಿ ‘ಗದಾಯುದ್ಧನಾಟಕಂ’ ಪ್ರಕಟಿಸಿದಾಗ ಈ ಋಣ ಸಂದಿತು. ಅವರು ಬಹುಮಟ್ಟಿಗೆ ರನ್ನನ ಪದ್ಯಗಳನ್ನೇ ಆಯ್ದು ದೃಶ್ಯಗಳಾಗಿ ಹೆಣೆದರು. ಕಥನ ಮಾಡುವ ಕವಿ ಹಿಂದೆ ಸರಿದನು. ಭೀಮನ ವಿಜಯಕಾವ್ಯ ದುರ್ಯೋಧನನ ರುದ್ರನಾಟಕವಾಯಿತು. ಓಲೆ ಹೇಳದೆ ಬಿಟ್ಟಿದ್ದನ್ನು, ಅಂದರೆ ಯಾವ ಮಾತು ಯಾರದೆಂಬುದನ್ನು, ನಾಟಕದ ಪುಟ ಹೇಳಲೇಬೇಕಾಯಿತು. ಆ ಮಟ್ಟಿಗೆ ಅದು ‘ಗದಾಯುದ್ಧ’ಕ್ಕೆ ಬರೆದ ಒಂದು ವ್ಯಾಖ್ಯಾನವೂ ಹೌದು.

ಪಂಡಿತರ ಈ ನಾಟಕ ಹಳ್ಳಿಗಳನ್ನು ಮುಟ್ಟಲಿಲ್ಲ. ಹಳಗನ್ನಡ ಅದಕ್ಕೆ ತಡೆಯಾಯಿತು. ಹಳ್ಳಿಗಳಿಗೆ ದುರ್ಯೋಧನನನ್ನು ಕೊಂಡೊಯ್ದುದು ಕಂಪನಿ ನಾಟಕ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಮಂಡಳಿ, ವೀರಣ್ಣನವರ ಕಾಲದಲ್ಲಿ, 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ ನಾಡಿನಲ್ಲೆಲ್ಲ ಮಾತಾಯಿತು. ಅದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂತಹ ಹೋಬಳಿ ಊರುಗಳ ಸೀಮೆಯಲ್ಲಿ ‘ಕುರುಕ್ಷೇತ್ರ’ವೆಂಬ ಹೆಸರಿನ ಪೌರಾಣಿಕ ನಾಟಕ ಇಂದಿಗೂ ಬೆಳಗಿನವರೆಗೆ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ಒಕ್ಕಲು ಮಕ್ಕಳಿಗೆ ತಿಂಗಳುಗಟ್ಟಲೆ ಕಂದ, ವೃತ್ತಗಳನ್ನು ಕಲಿಸುತ್ತಾರೆ. ಎಲ್ಲರಿಗೂ ಬೇಕಾದ ಪಾತ್ರ ಕೃಷ್ಣನದು, ಇಲ್ಲವೇ ದುರ್ಯೋಧನನದು. ರನ್ನನ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಕಂದ, ವೃತ್ತಗಳೆಂಬ ಹೆಸರುಗಳು ಮಾತ್ರ ಓಲೆಯ ಅಂಚಿನಲ್ಲಿದ್ದಂತೆಯೇ ಉಳಿದಿವೆ. ಕರ್ಣ ಬಿದ್ದ ಸುದ್ದಿ ಬಂದಾಗ ಕೌರವೇಶ್ವರ ಗದೆಯನ್ನು ಕೆಳಗಿಟ್ಟು, ರಂಗದ ಮುಂಭಾಗಕ್ಕೆ ಬಂದು, ತೂಗುಬಿಟ್ಟ ಮೈಕಿನ ಕೆಳಗೆ ನಿಂತು ತನ್ನೊಳಗೆ ತಾನು ಹಾಡಿಕೊಳ್ಳುತ್ತಾನೆ. ಯಾರೂ ಕೇಳಬಾರದೆಂದು ಧನಂಜಯ ವಿಧಿಸಿದ ಆ ಮಾತು ಮುಂದಿನ ಹಳ್ಳಿಯವರೆಗೆ ಕೇಳಿಸುತ್ತದೆ. ಪದ್ಯ ಮುಗಿಯುತ್ತಲೇ ಸಭೆಯಿಂದ ‘ಒನ್ಸ್ ಮೋರ್’ ಎಂಬ ಕೂಗು ಬಂದರೆ, ದೊರೆ ಕಣ್ಣೊರೆಸಿಕೊಂಡು, ಮೇಷ್ಟ್ರ ಕಡೆ ನೋಡಿ, ಶ್ರುತಿ ಹಿಡಿದು, ಗೆಳೆಯನಿಗಾಗಿ ಮತ್ತೆ ಮೊದಲಿನಿಂದ ಅಳತೊಡಗುತ್ತಾನೆ.