ವಿಚಾರ-ಸಾಹಿತ್ಯ ಪತ್ರಿಕೆಗಳು (ಕನ್ನಡ)

ಸಾಹಿತ್ಯ, ಕಲೆ, ಶಾಸ್ತ್ರ ಮತ್ತು ಸಮಾಜದ ಚರ್ಚೆಗೆ ಮೀಸಲಾದ ನಿಯತಕಾಲಿಕೆಗಳು. ಹೆಚ್ಚಿನವು ತ್ರೈಮಾಸಿಕಗಳು ಅಥವಾ ಮಾಸಿಕಗಳು. ಸಾಹಿತ್ಯ ಚರಿತ್ರೆಗಳು ಇವನ್ನು ನವೋದಯ, ನವ್ಯ, ಬಂಡಾಯ ಎಂಬ ಕಾಲಘಟ್ಟಗಳಿಗೆ ಹಂಚಿಕೊಡುವುದು ವಾಡಿಕೆ. ಪತ್ರಿಕೆಗಳ ಇಸವಿಗಳು ಈ ವಿಂಗಡಣೆಗೆ ಒಗ್ಗುವುದಿಲ್ಲ.

ಆರಂಭ: ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾಗಿ, ಮರುವರ್ಷವೇ ತನ್ನ ಪತ್ರಿಕೆಯನ್ನು ಹೊರತಂದಿತು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ‘ಪ್ರಬುದ್ಧ ಕರ್ಣಾಟಕ’ ಹುಟ್ಟಿತು; ಅದನ್ನು ಕಟ್ಟಿದವರು ಅಲ್ಲಿನ ಅಧ್ಯಾಪಕ ಎ. ಆರ್. ಕೃಷ್ಣಶಾಸ್ತ್ರಿ. ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲೇಜಿನೊಳಗೆ ವಿದ್ವತ್ತಿನ ಬರಹಕ್ಕೆ ಕನ್ನಡ ಸಾಲದು ಎಂಬ ಅನುಮಾನಕ್ಕೆ ಸಂಚಿಕೆಗಳೇ ಉತ್ತರವಾದವು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಪತ್ರಿಕೆಯ ಹೊಣೆ ಹೊತ್ತಿತು. ‘ಕರ್ನಾಟಕ’ ಎಂಬ ಬರವಣಿಗೆ ರೂಢಿಗೆ ಬಂದ ಮೇಲೂ ಹೆಸರಿನ ‘ಣ’ಕಾರ ಹಾಗೇ ಉಳಿಯಿತು. ಧಾರವಾಡದಲ್ಲಿ ಆಲೂರು ವೆಂಕಟರಾಯರ ‘ಜಯಕರ್ನಾಟಕ’ (1922) ಕನ್ನಡನಾಡಿನ ಏಕೀಕರಣದ ಹಂಬಲಕ್ಕೆ ದನಿಯಾಯಿತು.

ಅರವತ್ತರ ದಶಕ: ಮೇಲೆ ಹೇಳಿದ ವಿಂಗಡಣೆ ಎಡವುವುದು ಇಲ್ಲಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1944ರಿಂದ 1965ರವರೆಗೆ ‘ಜೀವನ’ದ ಸಂಪಾದಕರಾಗಿದ್ದರು. ಗೋಪಾಲಕೃಷ್ಣ ಅಡಿಗರು ‘ಸಾಕ್ಷಿ’ಯನ್ನು ಆರಂಭಿಸಿದ್ದು 1962ರಲ್ಲಿ; ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ ಧಾರವಾಡದಲ್ಲಿ ‘ಸಂಕ್ರಮಣ’ ಶುರುಮಾಡಿದ್ದು 1964ರಲ್ಲಿ. ಒಂದು ತಲೆಮಾರು ಮುಗಿದ ಮೇಲೆ ಇನ್ನೊಂದು ಬಂದದ್ದಲ್ಲ. ನವೋದಯದ ಹಿರಿಯರೂ ನವ್ಯದ ಕಿರಿಯರೂ ಒಂದೇ ಹೊತ್ತಿನಲ್ಲಿ ಪತ್ರಿಕೆ ನಡೆಸುತ್ತಿದ್ದರು. ಹೊಸತನದ ಗುರುತು ಹೆಸರುಗಳಲ್ಲಿದೆ. ‘ಪ್ರಬುದ್ಧ’, ‘ಜಯ’ ನಾಡನ್ನು ಎಚ್ಚರಿಸುವ, ಹರಸುವ ಮಾತುಗಳು. ‘ಸಾಕ್ಷಿ’ಯೂ ಯು. ಆರ್. ಅನಂತಮೂರ್ತಿಯವರ ‘ರುಜುವಾತೂ’ (1981) ನ್ಯಾಯಾಲಯದ ಪದಗಳು: ಹೇಳಿದ್ದನ್ನು ಓದುಗರೆದುರು ಸಾಬೀತುಪಡಿಸುವ ಹೊಣೆ ಬರೆದವನದು.

ಈಚಿನ ಕಾಲ: ವಿವೇಕ ಶಾನಭಾಗರ ತ್ರೈಮಾಸಿಕ ‘ದೇಶ ಕಾಲ’ 2005ರಲ್ಲಿ ಆರಂಭವಾಗಿ ಏಳು ವರ್ಷ ನಡೆಯಿತು.

ಮೌಲ್ಯಮಾಪನ: ಈ ಪತ್ರಿಕೆಗಳನ್ನು ಪಂಥಕ್ಕಿಂತ ಆಸರೆಯ ಮೇಲೆ ವಿಂಗಡಿಸುವುದು ಹೆಚ್ಚು ಸರಿ. ಸಂಸ್ಥೆಯ ಬೆಂಬಲವಿದ್ದವು ದೀರ್ಘಕಾಲ ಬಾಳಿದವು. ವ್ಯಕ್ತಿಗಳು ಕಟ್ಟಿದವು ಸಂಪಾದಕರ ದುಡಿಮೆ ನಿಂತಲ್ಲಿ ನಿಂತವು, ಆದರೂ ತಿರುವುಗಳು ಹೆಚ್ಚಾಗಿ ಬಂದದ್ದು ಅವುಗಳಿಂದಲೇ. ‘ಪ್ರಬುದ್ಧ ಕರ್ಣಾಟಕ’ ಎರಡೂ ಸಾಲಿಗೆ ಸಲ್ಲುತ್ತದೆ: ಒಬ್ಬ ಮೇಷ್ಟರ ಹಟದಿಂದ ಹುಟ್ಟಿ, ವಿಶ್ವವಿದ್ಯಾನಿಲಯದ ಆಸರೆಯಲ್ಲಿ ಬೆಳೆಯಿತು.