ಮಹಾಭಾರತಕ್ಕೆ ಚಿತ್ರ ಬರೆದ ಪಲ್ಲಕ್ಕಿ ಹೊರುವವನ ಮಗ



ರಾಮಾಯಣ, ಮಹಾಭಾರತದ ಹಳೇ ಮಿನಿಯೇಚರ್ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಹಂಚಿ "ನಮ್ಮ ಪರಂಪರೆ" ಅಂತ ಹೆಮ್ಮೆಪಡುವವರು ನಮ್ಮ ಕುಂದಾಪುರ, ಬೈಂದೂರು ಕಡೆಯೂ ಬೇಕಾದಷ್ಟು ಜನ ಇದ್ದಾರೆ. ಪುಸ್ತಕದ ಪುಟದಷ್ಟೇ ಇರುವ ಆ ಚಿತ್ರ ಬರೆದ ಕೈ ಯಾರದ್ದು ಅಂತ ಒಮ್ಮೆ ಕೇಳಿ ಕಾಣಿ. ಉತ್ತರ ಬರುವುದಿಲ್ಲ.

ಒಂದು ಹೆಸರು ನಾನು ಹೇಳ್ತೇನೆ. ದಸವಂತ.

1582ರಲ್ಲಿ ಅಕ್ಬರ್ ಮಹಾಭಾರತವನ್ನು ಪರ್ಷಿಯನ್ ಭಾಷೆಗೆ ತರಲು ಆಜ್ಞೆ ಮಾಡಿದ. ಬ್ರಾಹ್ಮಣ ಪಂಡಿತರು ಸಂಸ್ಕೃತದ ಅರ್ಥ ಹೇಳಿದರು, ನಕೀಬ್ ಖಾನ್, ಬದಾಯೂನಿ ಮುಂತಾದವರು ಪರ್ಷಿಯನ್ನಿಗೆ ಇಳಿಸಿದರು. ಅದೇ 'ರಜ್ಮ್‌ನಾಮಾ', ಯುದ್ಧದ ಪುಸ್ತಕ. ಅರಸನಿಗಾಗಿ ಮಾಡಿದ ಪ್ರತಿ ಜೈಪುರದಲ್ಲಿದೆ. ಅದರಲ್ಲಿ 160ಕ್ಕೂ ಹೆಚ್ಚು ಚಿತ್ರಗಳು. ಸುಮಾರು 30 ಚಿತ್ರಗಳ ರೇಖೆ ದಸವಂತನದ್ದು.

ಈ ದಸವಂತ ಕಹಾರನ ಮಗ, ಅಂದರೆ ಪಲ್ಲಕ್ಕಿ ಹೊರುವವನ ಮಗ. ಹೇಳಿದ್ದು ನಾನಲ್ಲ, ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿಟ್ಟದ್ದು. ಚಿತ್ರದ ಹುಚ್ಚಿನಲ್ಲಿ ಹುಡುಗ ಗೋಡೆಗಳ ಮೇಲೂ ಬರೆಯುತ್ತಿದ್ದ. ಅಕ್ಬರನ ಕಣ್ಣಿಗೆ ಬಿದ್ದ. ಖ್ವಾಜಾ ಅಬ್ದುಸ್ಸಮದ್ ಎಂಬ ಗುರುವಿನ ಕೈಗೆ ಒಪ್ಪಿಸಿದರು. ಸ್ವಲ್ಪ ಕಾಲದಲ್ಲೇ ಎಲ್ಲರನ್ನೂ ಮೀರಿಸಿದ. ಏಕಲವ್ಯನ ಕಥೆ ಇರುವ ಪುಸ್ತಕಕ್ಕೆ ಚಿತ್ರ ಬರೆದವನ ಹೆಬ್ಬೆರಳನ್ನು ಅವನ ಗುರು ಕೇಳಲಿಲ್ಲ!

ಹಾಗಂತ ಅಕ್ಬರನಿಗೆ ಹಾರ ಹಾಕಲು ಹೊರಟದ್ದಲ್ಲ ನಾನು. ಅವನ ಪಲ್ಲಕ್ಕಿಗೂ ಕಹಾರರದ್ದೇ ಹೆಗಲು. ಅದೇ 'ಐನ್' ಪ್ರಕಾರ ಸಾಮಾನ್ಯ ಕಹಾರನ ತಿಂಗಳ ಸಂಬಳ 120ರಿಂದ 160 ದಾಮ್, ಅಂದರೆ 3–4 ರೂಪಾಯಿ. ದಸವಂತ ದಲಿತ ಅಂತಲೂ ನಾನು ಹೇಳುವುದಿಲ್ಲ. ಕಹಾರರು ಹೊರೆ ಹೊರುವ ಶೂದ್ರರು. ಇಲ್ಲದ್ದನ್ನು ಸೇರಿಸಿ ಇತಿಹಾಸ ಬರೆಯುವ ಕೆಲಸ ಬೇರೆಯವರು ಮಾಡ್ತಾ ಇದ್ದಾರೆ, ನಮಗದು ಬೇಡ.

ಆಫೀಸಿನಲ್ಲಿ ದಿನವಿಡೀ ಕಡತ ಹಿಡಿದು ಕೂರುವ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಪುಟಗಳ ಅಂಚು. ರೇಖೆ ಯಾರದ್ದು, ಬಣ್ಣ ಯಾರದ್ದು ಅಂತ ಅರಮನೆಯ ಗುಮಾಸ್ತರು ಚಿತ್ರದ ಕೆಳಗೆ ನಮೂದಿಸಿದ್ದಾರೆ. ನಮ್ಮ ಮೈಸೂರಿನ ಕಡೆ ಕಾಣಿ: ದೇವಾನುದೇವತೆಗಳ ಚಿತ್ರ ತುಂಬಿದ 'ಶ್ರೀತತ್ತ್ವನಿಧಿ' ಅಂದ ಕೂಡಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಬಾಯಿಗೆ ಬರುತ್ತದೆ. ಕುಂಚ ಹಿಡಿದ ಒಬ್ಬನ ಹೆಸರಾದರೂ ಬರುತ್ತದಾ?

1584ರಲ್ಲಿ, ಪುಸ್ತಕ ಮುಗಿಯುವ ಮೊದಲೇ, ದಸವಂತ ತನ್ನ ಜೀವ ತಾನೇ ತೆಗೆದುಕೊಂಡ. ಬುದ್ಧಿಭ್ರಮಣೆ ಅಂತ ಬರೆದು ಅಬುಲ್ ಫಜಲ್ ಮುಗಿಸಿಬಿಟ್ಟ. ಅವನ ಹೆಚ್ಚಿನ ರೇಖೆಗಳಿಗೆ ಬಣ್ಣ ತುಂಬಿದ್ದು ಬೇರೆಯವರು.

ಇನ್ನು ಮುಂದೆ ಯಾರಾದರೂ ಗ್ರೂಪಿನಲ್ಲಿ 'ರಜ್ಮ್‌ನಾಮಾ'ದ ಚಿತ್ರ ಹಾಕಿದರೆ, ಬರೆದವರು ಯಾರು ಅಂತ ಕೆಳಗೊಂದು ಕಾಮೆಂಟ್ ಹಾಕಿ. ಅಂಚಿನಲ್ಲಿ ಹೆಸರಿದೆ.